ದೊಡ್ಡಮ್ಮನ ಹಿಂದಿನ ಸೀಟು

ದಿನವಿಡೀ ನೇರ ಮೇಲಕ್ಕೆ ಹೋಗಿ ನೇರ ಕೆಳಕ್ಕೆ ಬರುವ ಯಂತ್ರಗಳ ಚಾಕರಿ ಮಾಡುವವನಿಗೆ ವಾರಕ್ಕೊಂದು ದಿನವಾದರೂ ಡೊಂಕು ಬೇಕೆನಿಸಿದರೆ ತಪ್ಪೇನಿಲ್ಲ. ಲಿಫ್ಟ್ ಮೆಕ್ಯಾನಿಕ್‌ಗೆ ಡೊಂಕಿನ ಹುಚ್ಚು ಹಿಡಿದು ಇಪ್ಪತ್ತು ವರ್ಷದ ಮೇಲಾಗಿತ್ತು. ಮದುವೆ ಮಾಡಿದರೆ ಬಿಟ್ಟುಹೋಗುತ್ತದೆಂದು ಮನೆಯವರು ಮದುವೆ ಮಾಡಿದರು. ಅವನು ಹೆಂಡತಿಗೂ ಒಂದು ಹಳದಿ ಹೆಲ್ಮೆಟ್ ಕೊಡಿಸಿ, ಹಿಂದೆ ಕೂರಿಸಿಕೊಂಡು ಹೊರಟ. ಹುಚ್ಚು ಬಿಡಲಿಲ್ಲ, ಇಬ್ಬರಿಗೆ ಹಂಚಿಕೆಯಾಯಿತು.

ಗಾಡಿಯ ಹೆಸರು ದೊಡ್ಡಮ್ಮ. ದೂರದ ಪ್ರಯಾಣಕ್ಕೆಂದೇ ಯಾರೋ ಪುಣ್ಯಾತ್ಮರು ಮಾಡಿದ, ಮೂವತ್ತು ವರ್ಷ ಹಳೆಯ ಮೋಟಾರ್ ಸೈಕಲ್ಲು. ಎದುರಿಗೆ ಅಂಗಡಿಯ ಶೋಕೇಸಿನಷ್ಟು ದೊಡ್ಡ ಗಾಜು, ಇಕ್ಕೆಲಗಳಲ್ಲಿ ತಲಾ ಒಂದು ಸಂಸಾರ ಹಿಡಿಸುವ ಪೆಟ್ಟಿಗೆ, ಹಿಂದೆ ಒರಗುದಿಂಬು ಸಮೇತ ಸೋಫಾದಂಥ ಸೀಟು. ನೆಂಟರ ಮನೆಯ ನಡುಮನೆಯಲ್ಲಿ ಕಾಲು ಚಾಚಿ ಕೂತ ಹಿರಿಯಳ ಹಾಗೆ, ನಿಲ್ಲಿಸಿದ ಕಡೆ ಬೇರೆ ಯಾರಿಗೂ ಜಾಗ ಇರುತ್ತಿರಲಿಲ್ಲ. ಎಬ್ಬಿಸಲು ತಾಳ್ಮೆ ಬೇಕು, ಕೆಲವೊಮ್ಮೆ ಇನ್ನೊಬ್ಬರು ಬೇಕು. ಆದರೆ ಒಮ್ಮೆ ಎದ್ದು ಹೊರಟಳೆಂದರೆ ಗುಡ್ಡದ ರಸ್ತೆಯ ತಿರುವುಗಳಲ್ಲಿ ಕಾಲಿಡುವ ಕಡ್ಡಿ ನೆಲಕ್ಕೆ ಉಜ್ಜಿ ಕಿಡಿ ಹಾರುವಷ್ಟು ಬಾಗುತ್ತಿದ್ದಳು. ಅವಳ ಅರ್ಧ ತೂಕದ, ಕಾಲುಭಾಗ ವಯಸ್ಸಿನ ಗಾಡಿಗಳು ಹಿಂದೆ ಉಳಿದು ಆ ಕಿಡಿಗಳನ್ನು ನೋಡುತ್ತಿದ್ದವು.

ಹೀಗಾಗಿ ಭಾನುವಾರದ ಗುಂಪಿಗೆ ಲಿಫ್ಟ್ ಮೆಕ್ಯಾನಿಕ್ಕೇ ಮುಂದಾಳು. ಆ ಗುಂಪಿನಲ್ಲಿ ಹತ್ತು ಹನ್ನೆರಡು ಜನ. ಎಲ್ಲರೂ ವಾರವಿಡೀ ಮರ್ಯಾದಸ್ಥರು. ಗುಡ್ಡದ ಬುಡದಲ್ಲಿರುವ ಚಹಾ ಅಂಗಡಿಯಲ್ಲಿ ಅವರಿಗೊಂದು ಪದ್ಧತಿ ಇತ್ತು: ಮೊದಲ ಲೋಟ ಮುಂದಾಳಿಗೆ. ಅವನು ಒಂದು ಗುಟುಕು ಕುಡಿದು "ಸಾಗಲಿ" ಎಂದ ಮೇಲೆಯೇ ಉಳಿದವರು ಲೋಟ ಮುಟ್ಟಬೇಕು. ಯಾರು ಯಾವಾಗ ಮಾಡಿದ ನಿಯಮವೋ ಯಾರಿಗೂ ನೆನಪಿರಲಿಲ್ಲ. ಮೆಕ್ಯಾನಿಕ್‌ಗೆ ಮಾತ್ರ ಅದು ಮರೆತದ್ದಿಲ್ಲ. ಮನೆಯಲ್ಲಿ ಅವನ ಮಾತಿಗೆ ಕಾಯುವವರಿರಲಿಲ್ಲ. ಲಿಫ್ಟಿನೊಳಗೆ ಸಿಕ್ಕಿಕೊಂಡವರು ಕಾಯುತ್ತಿದ್ದರು ನಿಜ, ಆದರೆ ಬೈಯುತ್ತ ಕಾಯುತ್ತಿದ್ದರು. ತಣ್ಣಗಾಗುತ್ತಿರುವ ಚಹಾವನ್ನು ಎದುರಿಗಿಟ್ಟುಕೊಂಡು ಹನ್ನೆರಡು ಜನ ಬಾಯಿ ಮುಚ್ಚಿ ತನ್ನ ಮುಖ ನೋಡುವ ಆ ಅರ್ಧ ನಿಮಿಷ ಅವನ ವಾರದ ಸಂಬಳ.

"ತಿರುವು ಕಣ್ಣಿಗೆ ಗೊತ್ತಾಗೋದಲ್ಲ ಕಣ್ರಯ್ಯ," ಎಂದು ಅವನು ಲೋಟ ಹಿಡಿದು ಪಾಠ ಹೇಳುತ್ತಿದ್ದ. "ಸೊಂಟಕ್ಕೆ ಗೊತ್ತಾಗಬೇಕು. ಇಲ್ಲಿ, ಈ ಜಾಗದಲ್ಲಿ ಒಂದು ಚುಳುಕ್ ಅನ್ನುತ್ತೆ. ಅಂದ ತಕ್ಷಣ ಬಾಗಬೇಕು. ಇದು ಹೇಳಿಕೊಟ್ಟು ಬರೋದಲ್ಲ."

"ನಮ್ಮ ಸೊಂಟಕ್ಕೆ ಬರೀ ನೋವು ಗೊತ್ತಾಗುತ್ತೆ ಗುರುಗಳೇ," ಎನ್ನುತ್ತಿದ್ದ ಬೇಕರಿಯವನು.

ಹೆಂಡತಿ ಆಚೆ ಬೆಂಚಿನಲ್ಲಿ ಕೂತು ಬಿಸ್ಕತ್ತು ಅದ್ದುತ್ತಿರುತ್ತಿದ್ದಳು. ಆಸ್ಪತ್ರೆಯ ಎಕ್ಸ್‌ರೇ ಕೋಣೆಯಲ್ಲಿ ಅವಳ ಕೆಲಸ. ಬಂದವರಿಗೆಲ್ಲ "ಉಸಿರು ಹಿಡೀರಿ, ಅಲ್ಲಾಡಬೇಡಿ" ಎಂದು ಹೇಳಿ ಹೇಳಿ, ರಜಾದಿನ ಯಾರ ಜೊತೆಗೂ ಮಾತಾಡುವ ಉಮೇದು ಅವಳಿಗಿರಲಿಲ್ಲ.

ಗುಂಪಿಗೆ ಹಲ್ಲಿನ ಡಾಕ್ಟರು ಸೇರಿದ ಮೇಲೆ ಕೆಟ್ಟಕಾಲ ಶುರುವಾಯಿತು. ಆತ ಅಗಲ ಬೆನ್ನಿನ, ಸಣ್ಣ ದನಿಯ, ಬಹಳ ವಿನಯದ ಮನುಷ್ಯ. ವಿನಯವಂತರ ಹಾಗೆ ಅಪಾಯದವರು ಬೇರೆ ಇಲ್ಲ. ತಂದಿದ್ದದ್ದು ಹೊಚ್ಚಹೊಸ ರೇಸಿಂಗ್ ಬೈಕು. ಚಕ್ರ ಜಾರದ ಹಾಗೆ, ಎಂಜಿನ್ ಮುಗ್ಗರಿಸದ ಹಾಗೆ, ಬಹುಶಃ ಸವಾರನ ಮನಸ್ಸು ನೋಯದ ಹಾಗೆ ಕೂಡ ನೋಡಿಕೊಳ್ಳುವ ಕಂಪ್ಯೂಟರ್ ಅದರೊಳಗಿತ್ತು. ಎದುರಿಗಿರುವವರ ಬಾಯಿ ತುಂಬಿದ್ದಾಗಲೇ ಪ್ರಶ್ನೆ ಕೇಳುವುದು ಡಾಕ್ಟರ ವೃತ್ತಿಯ ಅಭ್ಯಾಸ. ಮುಂದಾಳು ಬನ್ನು ಕಚ್ಚಿದ ಕ್ಷಣ ನೋಡಿ ಆತ ಕೇಳಿದ:

"ಗುರುಗಳೇ, ತಪ್ಪು ತಿಳ್ಕೋಬೇಡಿ. ಈ ಸಲ ರೇಸ್ ಟ್ರ್ಯಾಕಿಗೆ ಹೋಗ್ತೀವಲ್ಲ, ಅಲ್ಲಿ ಗಡಿಯಾರ ಇಟ್ಟು ನೋಡಿದ್ರೆ ಹೇಗೆ? ಯಾರು ಬೇಗ ಸುತ್ತು ಹೊಡೀತಾರೋ ಅವರು ವರ್ಷಪೂರ್ತಿ ಮುಂದಾಳು. ನೀವೇ ಗೆಲ್ತೀರಿ, ಅದು ಬೇರೆ ಮಾತು."

ಮೆಕ್ಯಾನಿಕ್ ಬನ್ನು ನುಂಗುವಷ್ಟರಲ್ಲಿ ಎಲ್ಲರೂ ಆಗಲಿ ಆಗಲಿ ಎಂದಾಗಿತ್ತು.

ಆ ವಾರ ಒಂದು ಸಂಜೆ ಆಸ್ಪತ್ರೆಯಿಂದ ಬಂದ ಹೆಂಡತಿ ಶೆಡ್ಡಿನ ಬಾಗಿಲಲ್ಲೇ ಒಂದು ಪೆಟ್ಟಿಗೆಯನ್ನು ಎಡವಿದಳು. ಒಳಗೆ ದೊಡ್ಡಮ್ಮನ ಮೈಮೇಲಿನ ಆಭರಣಗಳೆಲ್ಲ ನೆಲದ ಮೇಲಿದ್ದವು: ಗಾಜು, ಕನ್ನಡಿಗಳು, ಪೆಟ್ಟಿಗೆಗಳು. ಮೂಲೆಯಲ್ಲಿ ಗೋಡೆಗೊರಗಿಸಿ ಹಿಂದಿನ ಸೀಟು. ಅದರ ಮೇಲೆ ಅವಳು ಇಪ್ಪತ್ತು ವರ್ಷ ಕಾಲಿಟ್ಟ ಎರಡು ಕಡ್ಡಿಗಳು.

"ಇದೇನ್ರೀ?"

"ತೂಕ ಇಳಿಸ್ತಿದೀನಿ."

"ಯಾರ್ದು?"

ಮೆಕ್ಯಾನಿಕ್ ಸ್ಪ್ಯಾನರಿನಿಂದ ತಲೆಯೆತ್ತಲಿಲ್ಲ. ಸಂಸಾರಸ್ಥನಿಗೆ ಯಾವ ಪ್ರಶ್ನೆಗೆ ತಲೆ ಎತ್ತಬಾರದೆಂದು ಗೊತ್ತಿರುತ್ತದೆ. "ಟ್ರ್ಯಾಕ್‌ನಲ್ಲಿ ಹಿಂದೆ ಕೂರಿಸ್ಕೊಳ್ಳೋಕೆ ಬಿಡಲ್ಲ ಕಣೇ. ಸುಮ್ನೆ ಯಾಕೆ ಭಾರ. ನೀನು ನಮ್ಮ ರಿಪೇರಿ ಗ್ರೀಸ್ ಜೊತೆ ವ್ಯಾನಲ್ಲಿ ಬಾ. ಆರಾಮಾಗಿರುತ್ತೆ."

"ಇಷ್ಟು ವರ್ಷ ನನ್ನ ಹೊತ್ಕೊಂಡೇ ಮುಂದೆ ಇದ್ರಲ್ಲ?"

"ಅದೇ ಹೇಳ್ತಿರೋದು! ನಿನ್ನ ಹೊತ್ಕೊಂಡೇ ಅಷ್ಟು ಜೋರು ಅಂದ್ಮೇಲೆ, ನೀನಿಲ್ದೆ ಇನ್ನೆಷ್ಟು ಜೋರಿರಬೇಡ ನಾನು?"

ಲೆಕ್ಕ ಸರಿಯಾಗಿಯೇ ಇತ್ತು. ಹೆಂಡತಿ ತನ್ನ ಸೀಟಿನ ಧೂಳನ್ನು ಸೆರಗಿನಿಂದ ಒರೆಸಿ, ಅದನ್ನು ತಲೆಕೆಳಗಾಗದ ಹಾಗೆ ತಿರುಗಿಸಿ ಇಟ್ಟು ಒಳಗೆ ಹೋದಳು. ಆ ರಾತ್ರಿಯ ಅಡುಗೆಗೆ ಉಪ್ಪು ಕಡಿಮೆಯಾಗಿತ್ತು. ಕೇಳುವ ಧೈರ್ಯ ಅವನು ಮಾಡಲಿಲ್ಲ.

ಟ್ರ್ಯಾಕ್ ಇದ್ದದ್ದು ಗುಡ್ಡದ ನೆತ್ತಿಯ ಬಯಲಿನಲ್ಲಿ. ಭಾನುವಾರ ಬೆಳಿಗ್ಗೆ ಎಲ್ಲರೂ ಗ್ರೀಸ್‌ನ ವ್ಯಾನಿನ ಹಿಂದೆ ಮೆರವಣಿಗೆಯ ಹಾಗೆ ಗುಡ್ಡ ಹತ್ತಿದರು. ಗ್ರೀಸ್ ಎಂದರೆ ಗುಂಪಿನ ರಿಪೇರಿಯವನು. ಅವನ ನಿಜವಾದ ಬಣ್ಣ ಅವನ ಹೆತ್ತತಾಯಿಯೂ ಮರೆತಿದ್ದಳು. ವ್ಯಾನು ನಿಧಾನವಾದ್ದರಿಂದ ದೊಡ್ಡಮ್ಮನ ಹೊಸ ರೂಪದ ಪರೀಕ್ಷೆಯಾಗಲಿಲ್ಲ. ಮೆಕ್ಯಾನಿಕ್‌ಗೆ ಸೊಂಟ ಮಾತ್ರ ಯಾಕೋ ಖಾಲಿ ಖಾಲಿ ಎನಿಸಿತು. ಬೆಳಗಿನ ಚಳಿಗೆ ಎಂದುಕೊಂಡ.

ಟ್ರ್ಯಾಕಿನಲ್ಲಿ ಮೊದಲ ತಿರುವು ಬಂತು. ಸೊಂಟ ಏನೂ ಹೇಳಲಿಲ್ಲ.

ಮೆಕ್ಯಾನಿಕ್ ಕಾದ. ಚುಳುಕ್ ಅನ್ನಬೇಕಿತ್ತು. ಅನ್ನಲಿಲ್ಲ. ತಿರುವು ಮುಗಿಯುವ ಹೊತ್ತಿಗೆ ಗಾಬರಿಯಿಂದ ಬ್ರೇಕು ಒತ್ತಿ, ಹ್ಯಾಂಡಲನ್ನು ಸೈಕಲ್ ಕಲಿಯುವ ಮಗುವಿನ ಹಾಗೆ ತಿರುಗಿಸಿ, ಟ್ರ್ಯಾಕಿನ ಅಂಚಿನ ಹುಲ್ಲಿಗೆ ಹೋಗಿ ಬಂದ. ಎರಡನೆಯ ತಿರುವಿಗೆ ಮೊದಲೇ ಬಾಗಿದ. ಅದು ಇನ್ನೂ ಬಂದಿರಲಿಲ್ಲ. ಮೂರನೆಯದರಲ್ಲಿ ಬೇಕರಿಯವನು, ಜನ್ಮದಲ್ಲಿ ಯಾರನ್ನೂ ಹಿಂದೆ ಹಾಕದ ಬೇಕರಿಯವನು, "ದಾರಿ ಗುರುಗಳೇ, ದಾರಿ!" ಎಂದು ಕೂಗುತ್ತ ಪಕ್ಕದಲ್ಲೇ ಹೋದ. ಆ ಸಂತೋಷ ತಡೆಯಲಾರದೆ ಮುಂದಿನ ತಿರುವಿನಲ್ಲಿ ಅವನು ಗಾಡಿ ಸಮೇತ ಮರಳಿಗೆ ಜಾರಿ ಕೂತ.

ಸುತ್ತು ಮುಗಿಸಿ ಬಂದ ಮೆಕ್ಯಾನಿಕ್ ಹೆಲ್ಮೆಟ್ ತೆಗೆಯುವ ಮೊದಲೇ ಕಾರಣಗಳನ್ನು ತೆಗೆದ. ಟಯರು ತಣ್ಣಗಿತ್ತು. ಟ್ರ್ಯಾಕಿನ ಡಾಂಬರು ಸರಿಯಿಲ್ಲ. ಬಿಸಿಲು ಕಣ್ಣಿಗೆ ಹೊಡೆಯುತ್ತೆ. ಕುಣಿಯಲಾರದವಳಿಗೆ ನೆಲ ಒಂದೇ ಡೊಂಕಾಗಿತ್ತು. ಇವನಿಗೆ ನೆಲ, ಆಕಾಶ, ಗಾಳಿ ಮೂರೂ ಡೊಂಕಾಗಿದ್ದವು.

ಗ್ರೀಸ್ ಮಂಡಿಯೂರಿ ಹಿಂದಿನ ಸ್ಪ್ರಿಂಗು ನೋಡಿದ. "ಗುರುವೇ, ಇದನ್ನ ಇಬ್ಬರ ಭಾರಕ್ಕೆ ಬಿಗಿದಿದ್ದೀಯಲ್ಲೋ. ಒಬ್ಬನೇ ಕೂತ್ರೆ ಕುದುರೆ ಥರ ಎತ್ತಿಹಾಕುತ್ತೆ." ಸಡಿಲ ಮಾಡಿಕೊಟ್ಟ. ಎರಡನೆಯ ಸುತ್ತಿನಲ್ಲಿ ದೊಡ್ಡಮ್ಮ ಮೆತ್ತಗೆ ಹೋದಳು, ಆದರೆ ಹುಲ್ಲಿಗೇ ಹೋದಳು.

"ಗೊತ್ತಾಯ್ತು," ಎಂದ ಮೆಕ್ಯಾನಿಕ್. "ಸ್ಪ್ರಿಂಗಲ್ಲ. ಭಾರ. ಹಿಂದೆ ಭಾರ ಇಲ್ದೆ ಗಾಡಿ ಹಗುರಾಗ್ಬಿಟ್ಟಿದೆ."

"ಅದನ್ನ ಇಳಿಸೋಕಲ್ವಾ ಒಂದು ವಾರ ಶೆಡ್ಡಲ್ಲಿ ಕೂತಿದ್ದು?" ಎಂದಳು ಹೆಂಡತಿ, ವ್ಯಾನಿನ ನೆರಳಿನಿಂದ.

ಅವನು ಕೇಳಿಸಿಕೊಳ್ಳದವನ ಹಾಗೆ, ಬೆಂಕಿ ಆರಿಸಲು ಇಟ್ಟಿದ್ದ ಮರಳಿನ ಚೀಲವೊಂದನ್ನು ಹೊತ್ತು ತಂದು ದೊಡ್ಡಮ್ಮನ ಹಿಂಭಾಗಕ್ಕೆ ಹಗ್ಗ ಹಾಕಿ ಕಟ್ಟಿದ. ಚೀಲದ ಎರಡು ಕಿವಿಗಳು ಮೇಲೆ ನಿಂತು, ಹಿಂದೆ ಯಾರೋ ಗಿಡ್ಡ ನೆಂಟರು ಕೂತ ಹಾಗೆ ಕಾಣುತ್ತಿತ್ತು. ಬಾವುಟ ಹಿಡಿದ ಟ್ರ್ಯಾಕಿನವನು ಓಡಿಬಂದ.

"ಸಾರ್, ಏನ್ಸಾರ್ ಇದು? ಇದು ರೇಸ್ ಟ್ರ್ಯಾಕು. ಗೋಡೌನ್ ಅಲ್ಲ."

"ಒಂದೇ ಒಂದು ಸುತ್ತು..."

"ಚೀಲಕ್ಕೆ ಹೆಲ್ಮೆಟ್ ಇದೆಯಾ ಸಾರ್?"

ಗುಂಪು ಬಿದ್ದು ಬಿದ್ದು ನಕ್ಕಿತು. ಚೀಲ ಇಳಿಯಿತು. ಗಡಿಯಾರದ ಲೆಕ್ಕದಲ್ಲಿ ಡಾಕ್ಟರು ಮೊದಲು, ಲಿಫ್ಟ್ ಮೆಕ್ಯಾನಿಕ್ ಕೊನೆಯಿಂದ ಎರಡನೆಯವನು. ಕೊನೆಯವನು ಬೇಕರಿಯವನು, ಅದೂ ಸುತ್ತು ಮುಗಿಸಲೇ ಇಲ್ಲವೆಂಬ ಕಾರಣಕ್ಕೆ.

ಬಾಡಿದ ಮುಖವನ್ನು ಹೆಲ್ಮೆಟ್ಟಿನೊಳಗೇ ಇಟ್ಟುಕೊಂಡು ಮೆಕ್ಯಾನಿಕ್ ಕೊನೆಯ ದಾಳ ಉರುಳಿಸಿದ. "ಟ್ರ್ಯಾಕ್ ಏನು ಡಾಕ್ಟ್ರೇ, ಅದು ಮಕ್ಕಳಾಟಿಕೆ. ಸುತ್ತಿದ ಕಡೆಯೇ ಸುತ್ತೋದು. ಗಾಣದ ಎತ್ತೂ ಸುತ್ತುತ್ತೆ. ಮುಂದಾಳು ಬೇಕಾಗಿರೋದು ರಸ್ತೆಗೆ. ಇಲ್ಲಿಂದ ಗುಡ್ಡ ಇಳಿದು ಚಹಾ ಅಂಗಡಿಗೆ ಮೊದಲು ಯಾರು ಹೋಗ್ತಾರೋ ನೋಡೋಣ. ಅದು ಆಖೈರು. ಆಮೇಲೆ ನಾನು ಬಾಯಿ ತೆಗೆಯಲ್ಲ."

ಬಾಯಿ ತೆಗೆಯದಿರುವವರನ್ನು ಕಂಡರೆ ಹಲ್ಲಿನ ಡಾಕ್ಟರಿಗೆ ಸಹಜವಾಗಿಯೇ ಪ್ರೀತಿಯಿಲ್ಲ. ಆದರೂ ವಿನಯ ಬಿಡಲಿಲ್ಲ. "ನಿಮ್ಮಿಷ್ಟ ಗುರುಗಳೇ."

ಆಗ ಸಣ್ಣದೊಂದು ತೊಡಕು ಎದ್ದಿತು. ಬೇಕರಿಯವನ ಪಾದ ಅವನದೇ ಬನ್ನಿನ ಹಾಗೆ ಉಬ್ಬಿತ್ತು. ಹೆಂಡತಿ ಬೂಟು ಬಿಚ್ಚಿಸಿ, ಅಲ್ಲಿ ಇಲ್ಲಿ ಒತ್ತಿ, "ಮುರಿದಿರೋ ಥರ ಇಲ್ಲ, ಉಳುಕಿರಬೇಕು. ನಾಳೆ ಬಂದು ಫಿಲಂ ತೆಗೆಸ್ಕೊಳ್ಳಿ. ಈಗ ಕಾಲು ಮೇಲಿಟ್ಕೊಂಡೇ ಹೋಗ್ಬೇಕು," ಎಂದಳು. ವ್ಯಾನಿನ ಹಿಂದೆ ಅವನ ಗಾಡಿ ಮಲಗಿತ್ತು. ಮುಂದಿನ ಸೀಟಿನಲ್ಲಿ ಅವನು ಅಡ್ಡಡ್ಡ ಮಲಗಿ ಪಾದವನ್ನು ಕಿಟಕಿಗೆ ಆನಿಸಿಕೊಂಡ. ಅವಳಿಗೆ ಜಾಗವಿಲ್ಲ. ದೊಡ್ಡಮ್ಮನ ಹಿಂದೆ ಬರೀ ಕಬ್ಬಿಣ.

ಮೆಕ್ಯಾನಿಕ್‌ನ ಕಣ್ಣು ಹೊಳೆಯಿತು. ಅಷ್ಟು ಭಾರ ಎದುರಾಳಿಯ ಬೆನ್ನಿಗೆ ತಾನಾಗಿ ಬೀಳುವುದೆಂದರೆ!

"ಡಾಕ್ಟ್ರ ಗಾಡಿಲಿ ಕೂತ್ಕೋ ಹೋಗೇ," ಎಂದ ಬೆಲ್ಲದಂಥ ದನಿಯಲ್ಲಿ. "ಪಾಪ, ಅವರಿಗೇನು, ಹೊಸ ಗಾಡಿ."

"ನಿಮಗೇನೂ ಬೇಜಾರಿಲ್ವಾ?"

"ಛೆ ಛೆ. ಹಿಂದೆ ಚೆನ್ನಾಗಿ ಒರಗಿ ಕೂತ್ಕೋ. ಭಾರ ಎಲ್ಲಾ ಬಿಟ್ಟು."

ಹೆಂಡತಿ ಅವನನ್ನೊಮ್ಮೆ ಮೇಲಿಂದ ಕೆಳಗೆ ನೋಡಿದಳು. ಎಕ್ಸ್‌ರೇ ಹಿಡಿದು ಬೆಳಕಿಗೆ ನೋಡುವಾಗಿನ ನೋಟ ಅದು. ಆಮೇಲೆ ಹಳದಿ ಹೆಲ್ಮೆಟ್ ಹಾಕಿಕೊಂಡು ಡಾಕ್ಟರ ಅಗಲ ಬೆನ್ನಿನ ಹಿಂದೆ ಹತ್ತಿ ಕೂತಳು.

ದೊಡ್ಡಮ್ಮ ಎಂದಿನಂತೆ ಏಳಲು ಹೊತ್ತು ಮಾಡಿದಳು. ಡಾಕ್ಟರ ಗಾಡಿ ಆಗಲೇ ಮೊದಲ ಇಳಿಜಾರಿನಲ್ಲಿತ್ತು. ಇರಲಿ, ಎರಡನೇ ತಿರುವಿನಲ್ಲಿ ಸಿಗುತ್ತಾರೆ ಎಂದುಕೊಂಡ ಮೆಕ್ಯಾನಿಕ್. ಸಿಕ್ಕರೂ ಕೂಡ: ಡಾಕ್ಟರು ಮೊದಲ ತಿರುವಿನಲ್ಲಿ ತಡವರಿಸಿದ್ದ. ಆತ ಗಾಡಿ ಓಡಿಸುತ್ತಿದ್ದದ್ದು ಪುಸ್ತಕ ಎದುರಿಗಿಟ್ಟುಕೊಂಡು ಅಡುಗೆ ಮಾಡುವವರ ಹಾಗೆ. ಹಿಂದೆ ಯಾರೋ ಅಲ್ಲಾಡಿದ್ದು ಆ ಪುಸ್ತಕದಲ್ಲಿರಲಿಲ್ಲ. ಆದರೆ ಮೂರನೆಯ ತಿರುವಿಗೆ ಆ ಗಾಡಿ ಬೆಣ್ಣೆಯಲ್ಲಿ ಬೆರಳಾಡಿದ ಹಾಗೆ ಹೋಯಿತು. ನಾಲ್ಕನೆಯದಕ್ಕೆ ಇನ್ನೂ ಸಲೀಸು.

ಹತ್ತು ಮಾರು ಹಿಂದಿದ್ದ ಮೆಕ್ಯಾನಿಕ್‌ಗೆ ಆಗ ಅದು ಕಂಡಿತು.

ಡಾಕ್ಟರ ಬೆನ್ನಿನ ಮರೆಯಿಂದ ಹಳದಿ ಹೆಲ್ಮೆಟ್ ಮೆಲ್ಲಗೆ ಒಂದು ಪಕ್ಕಕ್ಕೆ ಇಣುಕಿತು. ರಸ್ತೆ ಇನ್ನೂ ನೇರವಾಗಿಯೇ ಇತ್ತು. ಹೆಲ್ಮೆಟ್ಟಿನ ಹಿಂದೆ ಭುಜ ಇಳಿಯಿತು. ಭುಜದ ಹಿಂದೆ, ಒಂದು ಗುಟುಕು ನೀರು ನುಂಗುವಷ್ಟು ಹೊತ್ತಿನ ಮೇಲೆ, ಗಾಡಿ ಇಳಿಯಿತು. ಆಮೇಲೆ ತಿರುವು ಬಂತು. ಮುಂದೆ ಇನ್ನೊಂದು ಪಕ್ಕ: ಇಣುಕು, ಭುಜ, ಗಾಡಿ, ತಿರುವು. ಪ್ರತಿ ಸಲವೂ ಅದೇ ವರಸೆ. ಡಾಕ್ಟರ ತಲೆ ಮಾತ್ರ ಕಂಬದ ಹಾಗೆ ನೆಟ್ಟಗಿತ್ತು. ತನ್ನ ಗಾಡಿ ಇಷ್ಟು ಚೆನ್ನಾಗಿ ಹೋಗುತ್ತಿರುವುದಕ್ಕೆ ಕಂಪ್ಯೂಟರಿಗೆ ಕೃತಜ್ಞನಾಗಿದ್ದ ತಲೆ.

ಮೆಕ್ಯಾನಿಕ್ ಯೋಚಿಸಲಿಲ್ಲ. ಅವನ ಸೊಂಟ ಯೋಚಿಸಿತು. ಭುಜ ಇಳಿದಾಗ ಇಳಿಯಿತು, ಎದ್ದಾಗ ಎದ್ದಿತು. ದೊಡ್ಡಮ್ಮ ಕಿಡಿ ಹಾರಿಸಿದಳು. ಗಾಜಿಲ್ಲದ ಕಾರಣ ಗಾಳಿ ಎದೆಗೆ ಗುದ್ದುತ್ತಿತ್ತು. ಕಣ್ಣಲ್ಲಿ ನೀರು ಬಂದದ್ದು ಗಾಳಿಗೇ ಎಂದು ಇಟ್ಟುಕೊಳ್ಳೋಣ. ಜನ್ಮದಲ್ಲಿ ಅವನು ಅಷ್ಟು ಚೆನ್ನಾಗಿ ಗಾಡಿ ಓಡಿಸಿರಲಿಲ್ಲ. ಬಂಡೆಯ ಪಕ್ಕದ ಕತ್ತರಿ ತಿರುವು, ನೀರು ಜಿನುಗುವ ತಿರುವು, ಒಂದರ ಹೊಟ್ಟೆಯಲ್ಲಿ ಇನ್ನೊಂದಿರುವ ಜೋಡಿ ತಿರುವು, ಎಲ್ಲವನ್ನೂ ಕಣ್ಣು ಅತ್ತಿತ್ತ ಅಲ್ಲಾಡಿಸದೆ, ಒಂದು ಭುಜ ನೋಡಿಕೊಂಡೇ ಇಳಿದುಬಿಟ್ಟ.

ಇಪ್ಪತ್ತು ವರ್ಷ ಚುಳುಕ್ ಎಂದದ್ದು ಏನೆಂದು ಅಷ್ಟು ಹೊತ್ತಿಗೆ ಅವನಿಗೆ ಅರ್ಥವಾಗಿತ್ತು. ಅರ್ಥವಾದದ್ದನ್ನೆಲ್ಲ ಒಪ್ಪಿಕೊಳ್ಳಬೇಕೆಂದು ಗಂಡಸರಿಗೆ ಯಾರೂ ಹೇಳಿಕೊಟ್ಟಿರುವುದಿಲ್ಲ.

ಗುಡ್ಡದ ಬುಡದ ಹತ್ತಿರ ಸೇತುವೆ, ಅದರ ಮೇಲೆ ಕಾಲು ಮೈಲಿ ನೇರ ರಸ್ತೆ. ಸೇತುವೆ ದಾಟಿ, ಗೋಡೆಯಂಥ ಪೊದೆಯ ಹಿಂದೆ ಮರೆಯಾಗುವ ಎರಡು ತಿರುವು, ಆಮೇಲೆ ಚಹಾ ಅಂಗಡಿ. ದೊಡ್ಡಮ್ಮನ ಎಂಜಿನ್ನಿನ ಶಕ್ತಿಯೆಲ್ಲ ನೇರ ರಸ್ತೆಯದ್ದು. ಅಷ್ಟು ಹೊತ್ತೂ ಅವನಿಗೆ ಗೊತ್ತಿತ್ತು: ದಾಟುವುದಾದರೆ ಇಲ್ಲೇ. ಮೊದಲ ಲೋಟ ಕಣ್ಣೆದುರು ಬಂತು. ಹನ್ನೆರಡು ಜನರ ಮುಚ್ಚಿದ ಬಾಯಿ ಬಂತು. ಆಕ್ಸಿಲರೇಟರ್ ತಿರುವಿದ.

ದೊಡ್ಡಮ್ಮ ಗುಟುರು ಹಾಕಿ ಡಾಕ್ಟರ ಪಕ್ಕ ಬಂದಳು. ಹಳದಿ ಹೆಲ್ಮೆಟ್ ಇವನ ಕಡೆ ತಿರುಗಿತು. ಗಾಜಿನೊಳಗೆ ಹುಬ್ಬು ಮೇಲೇರಿದ್ದು ಕಂಡಿತೋ ಇಲ್ಲವೋ. ದಾಟಿಯೂ ಆಯಿತು.

ಎದುರಿಗೆ ಖಾಲಿ ರಸ್ತೆ. ಎಂಥ ಖಾಲಿ! ಇಣುಕುವವರಿಲ್ಲ, ಇಳಿಯುವ ಭುಜವಿಲ್ಲ. ಪೊದೆಯ ಗೋಡೆ ಹತ್ತಿರ ಹತ್ತಿರ ಬಂತು. ಅದರಾಚೆ ರಸ್ತೆ ಎತ್ತ ಹೋಗುತ್ತದೆಂದು, ಸಾವಿರ ಸಲ ಹೋದ ರಸ್ತೆ, ಅವನಿಗೆ ದೇವರಾಣೆಗೂ ನೆನಪಾಗಲಿಲ್ಲ. ಸೊಂಟವನ್ನು ಕೇಳಿದ. ಅದು ಮೌನವ್ರತ ಹಿಡಿದಿತ್ತು.

ಮುಂದಾಳು ಎರಡೂ ಬ್ರೇಕು ಒತ್ತಿದ. ರಸ್ತೆಯ ಅಂಚಿಗೆ ಸರಿದ. ಕೈ ಚಾಚಿ, ಮನೆಗೆ ಬಂದ ಅತಿಥಿಗಳಿಗೆ ಒಳಗೆ ಬನ್ನಿ ಎನ್ನುವ ಹಾಗೆ, ಹೋಗಿ ಹೋಗಿ ಎಂದು ಸನ್ನೆ ಮಾಡಿದ.

ಡಾಕ್ಟರ ಗಾಡಿ ಹೋಯಿತು. ಹೆಲ್ಮೆಟ್ ಇಣುಕಿತು. ಭುಜ ಇಳಿಯಿತು. ಮೆಕ್ಯಾನಿಕ್ ಉಸಿರು ಬಿಟ್ಟು ಹಿಂದೆ ಹೊರಟ.

ಮೇಲಿನ ಸುತ್ತಿನ ರಸ್ತೆಯಿಂದ ಬರುತ್ತಿದ್ದ ಉಳಿದವರಿಗೆ ಸೇತುವೆಯ ಮೇಲಿನ ಈ ನಾಟಕ ಪೂರ್ತಿ ಕಂಡಿತ್ತು. ಅವರು ಚಹಾ ಅಂಗಡಿಗೆ ಬಂದವರೇ ಮೆಕ್ಯಾನಿಕ್‌ನನ್ನು ಎತ್ತಿ ಹಿಡಿಯುವುದೊಂದು ಬಾಕಿ.

"ಏನ್ ಗುರುಗಳೇ, ಏನ್ ದೊಡ್ಡತನ! ಗೆದ್ದ ಆಟ ಬಿಟ್ಟುಕೊಟ್ರಲ್ಲ!"

"ಹೆಂಡತಿಗೆ ದಾರಿ ಬಿಟ್ಟ ಗಂಡಸನ್ನ ನಾನು ಇವತ್ತೇ ನೋಡಿದ್ದು," ಎಂದ ಗ್ರೀಸ್, ವ್ಯಾನಿನಿಂದ ಬೇಕರಿಯವನನ್ನು ಇಳಿಸುತ್ತ. "ನಮ್ಮನೇಲಿ ಹೇಳ್ಬೇಡ್ರಪ್ಪ. ಆಮೇಲೆ ನಾನೂ ಬಿಡ್ಬೇಕಾಗುತ್ತೆ."

ಜಟ್ಟಿ ನೆಲಕ್ಕೆ ಬಿದ್ದಿದ್ದ; ಮೀಸೆ ಮಣ್ಣಾಗಿಲ್ಲವೆಂದು ನೋಡಿದವರೇ ಸಾಕ್ಷಿ ಹೇಳುತ್ತಿದ್ದರು. ಸುಮ್ಮನಿದ್ದರೆ ಸಾಕಿತ್ತು. ಆದರೆ ಮೆಕ್ಯಾನಿಕ್‌ಗೆ ಆ ಹೊತ್ತಿನಲ್ಲಿ ಏನಾಯಿತೋ, "ದಾರಿ ಬಿಡ್ಲಿಲ್ಲ ಕಣ್ರಯ್ಯ," ಎಂದ. "ಹೆದರಿಕೆ ಆಯ್ತು. ಇವಳು ಮುಂದೆ ಕಾಣದೆ ಇದ್ರೆ ನಂಗೆ ತಿರುಗೋಕೆ ಬರಲ್ಲ."

 ಬೇಕರಿಯವನು ಒಂಟಿಕಾಲಲ್ಲಿ ನಿಂತು ಚಪ್ಪಾಳೆ ತಟ್ಟಿದ. "ನೋಡ್ರೋ, ವಿನಯ ಅಂದ್ರೆ ಇದು!"

ಸತ್ಯ ಹೇಳಿದರೂ ನಂಬುವವರಿಲ್ಲದಿರುವುದು ಮುಂದಾಳುಗಳ ಪಾಡು. ಡಾಕ್ಟರು ಮಾತ್ರ ನಗಲಿಲ್ಲ. ಆತ ಅಂಗೈ ನೋಡಿಕೊಳ್ಳುತ್ತಿದ್ದ.

"ಅಕ್ಕಾ, ಒಂದು ಕೇಳ್ಲಾ? ನಾನು ಹ್ಯಾಂಡಲ್ ಹಿಡ್ಕೊಂಡಿದ್ದೆ ಅಷ್ಟೇ. ನೀವು ವಾಲಿದ ಕಡೆ ಗಾಡಿ ಹೋಯ್ತು. ಎಲ್ಲಿ ಕಲಿತ್ರಿ ಇದನ್ನ?"

ಹೆಂಡತಿ ಕೂದಲು ಸರಿಮಾಡಿಕೊಳ್ಳುತ್ತಿದ್ದಳು. "ಕಲಿಯೋದೇನು?"

"ತಿರುವಿಗೆ ಮೊದಲೇ ವಾಲ್ತೀರಲ್ಲ. ಅದು."

"ಅಯ್ಯೋ, ವಾಲೋದಲ್ಲ. ನೋಡೋದು." ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆಂದು ತಿಳಿದು ಅವಳಿಗೆ ಮುಜುಗರವಾಯಿತು. "ಹಿಂದೆ ಕೂತೋರಿಗೆ ಏನು ಕಾಣುತ್ತೆ ಹೇಳಿ? ಬೆನ್ನು. ಇಪ್ಪತ್ತು ವರ್ಷ ಇವರ ಬೆನ್ನು, ಇವತ್ತು ನಿಮ್ಮ ಬೆನ್ನು. ನಾನೂ ಊರು ನೋಡೋಕೆ ತಾನೇ ಬರೋದು? ಮುಂದೆ ಏನು ಬರುತ್ತೆ ಅಂತ ಪಕ್ಕದಿಂದ ಬಗ್ಗಿ ನೋಡ್ತೀನಿ. ವಾರವಿಡೀ ಎಲ್ಲರ ಒಳಗಿಂದ ಆಚೆ ಕಾಣುತ್ತೆ ನಂಗೆ. ಇವರ ಬೆನ್ನೊಂದರಿಂದ ಏನೂ ಕಾಣಲ್ಲ."

ಗ್ರೀಸ್ ನಗುವುದಕ್ಕೆ ವ್ಯಾನಿನ ಹಿಂದೆ ಹೋದ. ಇಪ್ಪತ್ತು ವರ್ಷದ ಸೊಂಟಶಾಸ್ತ್ರ ಹೀಗೆ ಚಹಾ ಅಂಗಡಿಯ ಬೆಂಚಿನ ಮೇಲೆ, ಹೇಳಿದವಳಿಗೂ ಗೊತ್ತಿಲ್ಲದ ಹಾಗೆ ಮುಗಿದುಹೋಯಿತು.

ಚಹಾ ಬಂತು. ಮೊದಲ ಲೋಟ ಡಾಕ್ಟರ ಮುಂದೆ. ಆತ ಅದನ್ನು ಎರಡು ಕೈಯಲ್ಲಿ ಎತ್ತಿ ಅವಳ ಮುಂದಿಟ್ಟ. ಯಾರೂ ತಕರಾರು ಮಾಡಲಿಲ್ಲ. ಈ ಪದ್ಧತಿಯನ್ನು ಅವಳು ಆಚೆ ಬೆಂಚಿನಿಂದ ಎಂದೂ ಗಮನವಿಟ್ಟು ನೋಡಿದವಳಲ್ಲ. ಒಂದು ಗುಟುಕು ಕುಡಿದು ಒಂದು ಮಾತು ಹೇಳಬೇಕೆಂದು ತಿಳಿಯದೆ, ಬಿಸ್ಕತ್ತು ಅದ್ದಿಕೊಂಡು, ಊದಿಕೊಂಡು, ನಿಧಾನವಾಗಿ ಪೂರ್ತಿ ಲೋಟ ಮುಗಿಸಿದಳು. ಹನ್ನೆರಡು ಲೋಟಗಳಲ್ಲಿ ಕೆನೆ ಕಟ್ಟಿತು. ಮೆಕ್ಯಾನಿಕ್‌ನ ಲೋಟವೂ ಅವುಗಳಲ್ಲೊಂದು. ಎದುರಿಗೆ ಕೂತು ಕಾಯುವುದು ಹೇಗಿರುತ್ತದೆಂದು ಅವನಿಗೆ ಮೊದಲ ಸಲ ಗೊತ್ತಾಯಿತು. ಬಹಳ ಬಾಯಾರಿಕೆಯ ಕೆಲಸ.

"ಯಾಕೆ, ಯಾರೂ ಕುಡಿಯಲ್ವಾ?" ಎಂದಳು ಕೊನೆಗೆ.

"ಅಕ್ಕಾ," ಎಂದ ಡಾಕ್ಟರು, ಕೆನೆ ಸರಿಸುತ್ತ, "ಮುಂದಿನ ಭಾನುವಾರ ಬಿಡುವಿದ್ರೆ..."

ಮೆಕ್ಯಾನಿಕ್ ಎದ್ದು ನಿಂತೇಬಿಟ್ಟ. ಲಿಫ್ಟ್ ನಡುವೆ ನಿಂತಾಗ ಒಳಗಿನವರು ಬಾಗಿಲು ಬಡಿಯುವ ದನಿಯಲ್ಲಿ, "ಇವಳೇ," ಎಂದ. "ನಾನು... ಸೀಟು ವಾಪಸ್ ಹಾಕ್ತೀನಿ. ಇವತ್ತೇ. ಕೂರ್ತೀಯಾ?"

ಇಪ್ಪತ್ತು ವರ್ಷದಲ್ಲಿ ಅವನು ಆ ಪ್ರಶ್ನೆ ಕೇಳಿರಲೇ ಇಲ್ಲ. ಗಾಡಿ ಚಾಲೂ ಮಾಡಿ ಹಾರ್ನ್ ಹೊಡೆಯುತ್ತಿದ್ದ, ಅಷ್ಟೇ.

ಅವಳು ಡಾಕ್ಟರ ಗಾಡಿಯನ್ನು ನೋಡಿದಳು, ದೊಡ್ಡಮ್ಮನನ್ನು ನೋಡಿದಳು. "ಡಾಕ್ಟ್ರೇ, ತಪ್ಪು ತಿಳ್ಕೋಬೇಡಿ. ನಿಮ್ಮದು ಸೀಟಲ್ಲ, ಇಳಿಗೆಮಣೆ. ಊರು ತಲುಪೋಷ್ಟರಲ್ಲಿ ನಾನು ಎರಡು ಹೋಳು." ಗಂಡನ ಕಡೆ ತಿರುಗಿ, "ಕೂರ್ತೀನಿ. ನೀವು ಮುಂದೆ ಹೋಗ್ತೀರಿ ಅಂತಲ್ಲ. ಆ ಸೀಟು ಮೆತ್ತಗಿದೆ ಅಂತ."

"ನೀನೇ ಓಡಿಸೋಹಂಗಿದ್ರೆ..." ಎಂದು ಅವನು ಉದಾರಿಯಾಗಲು ನೋಡಿದ.

"ಗೇರು, ಬ್ರೇಕು, ಕ್ಲಚ್ಚು, ಪೆಟ್ರೋಲು ಎಲ್ಲಾ ನಾನೇ ನೋಡ್ಕೊಂಡು ಕೂತ್ರೆ ಊರು ನೋಡೋದು ಯಾವಾಗ? ಆ ಕೂಲಿಕೆಲಸ ನೀವೇ ಮಾಡಿ."

ಊರಿಗೆ ಮರಳುವಾಗ ಅವಳು ಇನ್ನೂ ಇಳಿಗೆಮಣೆಯ ಮೇಲೆಯೇ ಇದ್ದಳು, ಬೇರೆ ದಾರಿಯಿರಲಿಲ್ಲ. ಚಪ್ಪಟೆ ರಸ್ತೆ, ಹೆಚ್ಚೆಂದರೆ ಒಂದೆರಡು ಸೋಮಾರಿ ತಿರುವು. ಮೆಕ್ಯಾನಿಕ್ ಹಿಂದೆ ಹಿಂದೆಯೇ ಹೋದ. ಭುಜದಿಂದ ಕಣ್ಣು ಕೀಳಲಿಲ್ಲ. ಗುಂಪಿನ ಕಿಲಾಡಿಗಳು ಪಕ್ಕದಲ್ಲಿ ಬಂದು ಹಾರ್ನ್ ಹೊಡೆದು ದಾಟಿದರು. ದಾಟಲಿ ಎಂದು ಬಿಟ್ಟ. ಯಾರೂ ಹೊಗಳದಿದ್ದರೂ, ಯಾರೂ ಕಾಯದಿದ್ದರೂ ಒಂದು ಥರದ ನೆಮ್ಮದಿ ಇತ್ತು ಅದರಲ್ಲಿ. ಪೇಟೆಯ ಬೀದಿಯ ಕೆಂಪು ದೀಪ ಹಸಿರಾಯಿತು. ಹಳದಿ ಹೆಲ್ಮೆಟ್ ಎಡಕ್ಕೆ ಇಣುಕಿತು, ಭುಜ ಇಳಿಯಿತು. ಮೆಕ್ಯಾನಿಕ್ ಹಿಂದೆಮುಂದೆ ನೋಡದೆ ದೊಡ್ಡಮ್ಮನನ್ನು ಎಡಕ್ಕೆ ಮಲಗಿಸಿದ. ಸೊಗಸಾದ ತಿರುವು. ಒಂದು ಕಿಡಿ ಕೂಡ ಹಾರಿತು.

ಅದು ಚಪ್ಪಲಿ ಅಂಗಡಿಯ ಪಕ್ಕದ ಓಣಿ. ಆ ತುದಿಯಲ್ಲಿ ಗೋಡೆ. ಅಗಲ ದೊಡ್ಡಮ್ಮನನ್ನು ತಿರುಗಿಸಲಾಗದೆ, ಬೆನ್ನ ಕಡೆಗೆ ಒಂದೊಂದೇ ಹೆಜ್ಜೆ ತಳ್ಳಿಕೊಂಡು ಆಚೆ ಬರುವಷ್ಟರಲ್ಲಿ ಅಂಗಡಿಯವನು ಹೊರಗೆ ಸ್ಟೂಲು ಹಾಕಿಕೊಂಡು ಕೂತು ನೋಡುತ್ತಿದ್ದ.

ಮನೆಗೆ ಬಂದಾಗ ಹೆಂಡತಿ ಮೆಟ್ಟಿಲ ಮೇಲೆ ಹೆಲ್ಮೆಟ್ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು.

"ಎಲ್ಲ್ರೀ ಹೋಗಿದ್ರಿ? ಹಿಂದೇನೇ ಇದ್ರಿ, ನೋಡಿದ್ರೆ ಇಲ್ಲ."

"ನೀನು ವಾಲಿದ ಕಡೆ."

"ನಾನು ಚಪ್ಪಲಿ ನೋಡ್ತಿದ್ದೆ ಕಣ್ರೀ!"

"ಗೊತ್ತು. ಕಂದು ಬಣ್ಣದ್ದು ಚೆನ್ನಾಗಿದೆ," ಎಂದು ಅವನು ನೇರ ಶೆಡ್ಡಿಗೆ ಹೋಗಿ, ಸ್ಪ್ಯಾನರ್ ಕೈಗೆತ್ತಿಕೊಂಡು, ಗೋಡೆಗೊರಗಿದ್ದ ಸೀಟಿನ ಮುಂದೆ ಮಂಡಿಯೂರಿ ಕೂತ.

"ಮೊದಲು ಮನೆ ಬಾಗಿಲು ತೆಗೀರಿ," ಎಂದಳು ಹೆಂಡತಿ. "ಬೀಗದ ಕೈ ನಿಮ್ಮ ಹತ್ರನೇ ಇದೆ."